ಉಪ್ಪಾಗೆ ಹಣ್ಣಾಗುವವರೆಗೆ ಕಾಯುವುದು: ಸಿಂಗಳೀಕ ಕಲಿಸಿದ ಪಾಠ

ಹೋದ ರಜೆಯಲ್ಲಿ ನಾವು ನಾಲ್ಕು ಜನ ಜೋಗ ನೋಡೋಕೆ ಹೋಗಿದ್ದೆವು. ನಮ್ಮಲ್ಲಿ ಒಬ್ಬ ಸಿದ್ದಾಪುರದ ಕಡೆಯವನು, ಅವನ ಅಜ್ಜನ ಮನೆಯಲ್ಲೇ ಎರಡು ದಿನ ಠಿಕಾಣಿ. ಹೊನ್ನಾವರದ ಘಾಟಿಯಲ್ಲಿ ಮರದ ಮೇಲೆ ಕಪ್ಪು ಮುಖದ, ಉದ್ದ ಬಾಲದ ಪ್ರಾಣಿಗಳು ಕಂಡವು. ಬಸ್ಸಿನ ಕಿಟಕಿಯಿಂದಲೇ ಫೋಟೋ ತೆಗೆದು, "ಲಯನ್ ಟೇಲ್ಡ್ ಮಕಾಕ್ ಸಿಕ್ಕಿಬಿಡ್ತು" ಅಂತ ಸ್ಟೇಟಸ್ ಹಾಕಿಬಿಟ್ಟೆವು. ಅದೇ ಘಾಟಿಯಲ್ಲಿ ರಸ್ತೆ ಬದಿ ಕೂತಿದ್ದ ಮಂಗಗಳಿಗೆ ಚಿಪ್ಸ್ ಎಸೆದದ್ದೂ ಉಂಟು.

ಸಂಜೆ ಅಜ್ಜನಿಗೆ ಫೋಟೋ ತೋರಿಸಿದೆವು. ಅಜ್ಜ ಕನ್ನಡಕ ಏರಿಸಿ ನೋಡಿ, "ಇದು ಸಿಂಗಳೀಕ ಅಲ್ಲ ಮಾರಾಯಾ, ಮುಸ್ಯ" ಅಂದರು. ನಮ್ಮಲ್ಲಿ ಮೂವರಿಗೆ ಆ ಎರಡೂ ಪದ ಗೊತ್ತಿರಲಿಲ್ಲ. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಹೆಸರು ಓದಿದ್ದೆವು, ಪರೀಕ್ಷೆಗೆ ಬರೆದಿದ್ದೆವು, ಅಷ್ಟೇ. ಚಿಪ್ಸ್ ವಿಷಯ ಹೇಳಿದಾಗ ಅಜ್ಜ ನಗಲಿಲ್ಲ. "ರಸ್ತೆಗಿಳಿದ ಮಂಗ ವಾಪಸ್ ಕಾಡಿಗೆ ಹೋಗೋದು ಕಷ್ಟ" ಅಂದರು. ಸ್ಟೇಟಸ್ ಅಳಿಸಿದೆವು. ಆದರೆ ಕುತೂಹಲ ಉಳಿಯಿತು. ಕಾಲೇಜಿಗೆ ಬಂದ ಮೇಲೆ ಪರಿಸರ ಅಧ್ಯಯನದ ಅಸೈನ್‌ಮೆಂಟಿಗೆ ಇದೇ ವಿಷಯ ತೆಗೆದುಕೊಂಡೆವು. ಓದಿ ನಮಗೆ ಅರ್ಥವಾದದ್ದನ್ನು ಇಲ್ಲಿ ಬರೆದಿದ್ದೇವೆ. ಇದು ಬರೀ ಪ್ರಾಣಿಯ ಕಥೆ ಅಲ್ಲ. ಇದರಲ್ಲಿ ಡೇಟಾ ಸ್ಟ್ರಕ್ಚರ್ಸ್ ಇದೆ, ಗೇಮ್ ಥಿಯರಿ ಇದೆ, ಕೊನೆಗೆ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯರಿಗೆ ಒಂದು ಕಷ್ಟದ ಪ್ರಶ್ನೆಯೂ ಇದೆ.

1. ಮೊದಲು ಗುರುತು ಹಿಡಿಯೋಣ

ಉತ್ತರ ಕನ್ನಡದ ಕಾಡಿನಲ್ಲಿ ನಮಗೆ ಸಾಮಾನ್ಯವಾಗಿ ಕಾಣುವ ಕೋತಿಗಳು ಮೂರು ಬಗೆ.

ಮಂಗ: ಕಂದು ಮೈ, ತಲೆ ಮೇಲೆ ಬೈತಲೆ ತೆಗೆದು ಟೊಪ್ಪಿ ಇಟ್ಟ ಹಾಗೆ ಕೂದಲು. ದೇವಸ್ಥಾನ, ಬಸ್‌ಸ್ಟ್ಯಾಂಡ್, ಘಾಟಿ ರಸ್ತೆ, ಎಲ್ಲ ಕಡೆ ಇರುತ್ತದೆ.

ಮುಸ್ಯ: ಬೂದು ಮೈ, ಕಪ್ಪು ಮುಖ, ತುಂಬ ಉದ್ದದ ಬಾಲ. ಮುಖ್ಯವಾಗಿ ಎಲೆ ತಿನ್ನುತ್ತದೆ. ನಾವು ಮೋಸ ಹೋದದ್ದು ಇದರಲ್ಲೇ.

ಸಿಂಗಳೀಕ: ಮೈಯೆಲ್ಲ ಹೊಳೆಯುವ ಕಪ್ಪು. ಮುಖದ ಸುತ್ತ ಬೂದು ಬಿಳಿ ಬಣ್ಣದ ಕೇಸರ. ಬಾಲ ಮುಸ್ಯನಷ್ಟು ಉದ್ದ ಇಲ್ಲ, ತುದಿಯಲ್ಲಿ ಸಿಂಹದ ಬಾಲದಲ್ಲಿ ಇರುವಂಥ ಕುಚ್ಚು. ಕೇಸರ ನೋಡಿ ಸಿಂಹ ಅಂದದ್ದು ಅಂತ ನಾವು ಅಂದುಕೊಂಡಿದ್ದೆವು. ಹೆಸರು ಬಂದದ್ದು ಬಾಲದಿಂದ.

ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿ ಮೇಲೆ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಈ ಮೂರೇ ರಾಜ್ಯ. ಅಲ್ಲೂ ನಿತ್ಯಹರಿದ್ವರ್ಣ ಕಾಡೇ ಬೇಕು. ಒಟ್ಟು ಸಂಖ್ಯೆ ಸುಮಾರು 4,000ದ ಒಳಗೆ ಅಂತ ಅಂದಾಜು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಒಂದನೇ ಪರಿಚ್ಛೇದದಲ್ಲೇ ಇದರ ಹೆಸರೂ ಇದೆ.

2. ಇದಕ್ಕೇ ಯಾಕೆ ಇಷ್ಟು ಕಷ್ಟ?

ಮಂಗ ಎಲ್ಲೆಲ್ಲೂ ಇದೆ, ಸಿಂಗಳೀಕ ಮಾತ್ರ ಯಾಕೆ ಕಡಿಮೆ? ನಮಗೆ ಮೂರು ಕಾರಣ ಮುಖ್ಯ ಅನ್ನಿಸಿತು.

ಮೊದಲನೆಯದು, ಹುಟ್ಟುವ ವೇಗ. ಹೆಣ್ಣು ಸಿಂಗಳೀಕ ಕಾಡಿನಲ್ಲಿ ಮೊದಲ ಮರಿ ಹಾಕುವುದು ಆರೂವರೆ ವರ್ಷದ ಹೊತ್ತಿಗೆ. ಆಮೇಲೆ ಒಂದು ಮರಿಯಿಂದ ಇನ್ನೊಂದು ಮರಿಗೆ ಸುಮಾರು ಎರಡೂವರೆ ವರ್ಷದ ಅಂತರ. ಒಂದು ಹೆಣ್ಣು ಇಪ್ಪತ್ತು ವರ್ಷ ಬದುಕಿತು ಅಂತ ಇಟ್ಟುಕೊಂಡು ನಾವೇ ಲೆಕ್ಕ ಹಾಕಿದೆವು. ಹದಿಮೂರೂವರೆ ವರ್ಷವನ್ನು ಎರಡೂವರೆಯಿಂದ ಭಾಗಿಸಿದರೆ ಇಡೀ ಜೀವನಕ್ಕೆ ಐದಾರು ಮರಿ. ಅದರಲ್ಲಿ ಎಲ್ಲ ಮರಿಗಳೂ ದೊಡ್ಡವಾಗುವುದಿಲ್ಲ. ಹಾಗಾಗಿ ಬೇಟೆಯಲ್ಲೋ ರಸ್ತೆಯಲ್ಲೋ ಒಂದು ಹೆಣ್ಣು ಸತ್ತರೆ ಆ ನಷ್ಟ ತುಂಬೋಕೆ ವರ್ಷಗಳೇ ಬೇಕು.

ಎರಡನೆಯದು, ಊಟ. ಹಣ್ಣು, ಬೀಜ, ಹುಳ ಇದರ ಮುಖ್ಯ ಆಹಾರ. ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರ ಹಣ್ಣು ಬಿಡುತ್ತಿರಬೇಕು. ಹಲಸಿನ ಜಾತಿಯ ಮರ, ಆಲ ಅತ್ತಿಯ ಜಾತಿಯ ಮರ, ಬೈನೆ, ಉಪ್ಪಾಗೆ, ಹೀಗೆ ಬಗೆಬಗೆಯ ಮರ ಇದ್ದರೆ ಮಾತ್ರ ಆ ಸರಣಿ ಮುಂದುವರಿಯುತ್ತದೆ. ಸಾಲಾಗಿ ನೆಟ್ಟ ಅಕೇಶಿಯಾ ಎಷ್ಟೇ ಹಸಿರಾಗಿ ಕಂಡರೂ ಇದರ ಪಾಲಿಗೆ ಊಟ ಇಲ್ಲದ ಮೆಸ್ಸು.

ಮೂರನೆಯದು, ಇದು ಮರದ ಮೇಲಿನ ಜೀವಿ. ಹೆಚ್ಚು ಹೊತ್ತು ಕಾಡಿನ ಮೇಲ್ಛಾವಣಿಯಲ್ಲೇ ಇರುತ್ತದೆ, ಕೊಂಬೆಯಿಂದ ಕೊಂಬೆಗೆ ಹೋಗುತ್ತದೆ, ನೆಲಕ್ಕೆ ಇಳಿಯುವುದು ಕಡಿಮೆ. ಇಲ್ಲಿ ನಮಗೆ ಲ್ಯಾಬಿನಲ್ಲಿ ಮಾಡಿದ ಗ್ರಾಫ್ ಪ್ರೋಗ್ರಾಂ ನೆನಪಾಯಿತು. ಪ್ರತಿ ಮರ ಒಂದು ನೋಡ್. ಎರಡು ಮರದ ಕೊಂಬೆ ಹಾರಿ ದಾಟುವಷ್ಟು ಹತ್ತಿರ ಇದ್ದರೆ ನಡುವೆ ಒಂದು ಎಡ್ಜ್. ದಟ್ಟ ಕಾಡಿನಲ್ಲಿ ಹತ್ತು ಮರ ಬಿದ್ದರೂ ಸುತ್ತಿ ಹೋಗೋಕೆ ದಾರಿ ಇರುತ್ತದೆ. ಆದರೆ ಎರಡು ಕಾಡುಗಳ ನಡುವೆ ತೋಟದ ಅಂಚಿನಲ್ಲಿ ಕಿರಿದಾದ ಪಟ್ಟಿ ಇರುತ್ತದಲ್ಲ, ಅಲ್ಲಿ ಒಂದೇ ಮರ ಕಡಿದರೂ ಗ್ರಾಫ್ ಎರಡು ತುಂಡಾಗಬಹುದು. ನಾವು ಕೋಡ್‌ನಲ್ಲಿ ಆರ್ಟಿಕ್ಯುಲೇಶನ್ ಪಾಯಿಂಟ್ ಅಂತ ಹುಡುಕುತ್ತೇವಲ್ಲ, ಅದೇ ಅದು. ಸ್ಯಾಟಲೈಟ್ ಚಿತ್ರದಲ್ಲಿ ಅರಣ್ಯದ ವಿಸ್ತೀರ್ಣ ಹೆಚ್ಚೂ ಕಡಿಮೆ ಅಷ್ಟೇ ಕಾಣಬಹುದು, ಆದರೆ ಸಿಂಗಳೀಕದ ಗುಂಪಿಗೆ ಅರ್ಧ ಪ್ರಪಂಚವೇ ಹೋಗಿರುತ್ತದೆ.

3. ಅಘನಾಶಿನಿ ಕಣಿವೆಯ ಲೆಕ್ಕ

ಸಿಂಗಳೀಕ ಅಂದ ಕೂಡಲೇ ಎಲ್ಲರೂ ಹೇಳುವುದು ಕೇರಳದ ಸೈಲೆಂಟ್ ವ್ಯಾಲಿ. 1970ರ ದಶಕದಲ್ಲಿ ಅಲ್ಲಿ ಕುಂತಿಪುಳ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಇತ್ತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಕವಿಗಳು, ವಿಜ್ಞಾನಿಗಳು ಸೇರಿ ಹೋರಾಡಿದರು. ಸಿಂಗಳೀಕ ಆ ಹೋರಾಟದ ಗುರುತಾಯಿತು. ಯೋಜನೆ ನಿಂತಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನ ಆಯಿತು.

ನಮ್ಮ ರಾಜ್ಯದ ಕಥೆ ಅಷ್ಟು ಪ್ರಸಿದ್ಧ ಅಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆಯ ಅಘನಾಶಿನಿ ಕಣಿವೆಯಲ್ಲಿ ಎಚ್. ಎನ್. ಕುಮಾರ, ಮೇವಾ ಸಿಂಗ್ ಮುಂತಾದ ವಿಜ್ಞಾನಿಗಳು ಸಮೀಕ್ಷೆ ಮಾಡಿದರು. ಶಿರಸಿ ಹೊನ್ನಾವರದ ಕಾಡುಗಳಲ್ಲಿ ಅವರಿಗೆ ಸಿಕ್ಕ ಲೆಕ್ಕ: 32 ಗುಂಪು, 638 ಸಿಂಗಳೀಕ. ಅಂದರೆ ಗುಂಪಿಗೆ ಸರಾಸರಿ ಇಪ್ಪತ್ತು. ಇಷ್ಟು ದೊಡ್ಡ ಸಂಖ್ಯೆ ಇದ್ದ ಕಾಡು ಆಗ ಅಭಯಾರಣ್ಯವೂ ಅಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. ಜನ ಅಡಿಕೆ ತೋಟ ಮಾಡಿಕೊಂಡು, ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದುಕೊಂಡು ಬದುಕುತ್ತಿದ್ದ ಕಾಡು. ಕಾನು, ದೇವರ ಕಾಡು ಅಂತ ಹಿರಿಯರು ಕೊಡಲಿ ಹಾಕದೆ ಬಿಟ್ಟ ಜಾಗಗಳೂ ಅದರಲ್ಲಿದ್ದವು. ಕತ್ತಲೆಕಾನಿನ ಜಡ್ಡಿನಂಥ ಅಪರೂಪದ ಜೌಗು ಕಾಡೂ ಅಲ್ಲೇ ಹತ್ತಿರ.

ಹಾಗಾದರೆ ಇದನ್ನು ಉಳಿಸೋದು ಹೇಗೆ? ಜನರನ್ನು ಹೊರಗೆ ಕಳಿಸಿ ಬೇಲಿ ಹಾಕೋದಾ? ಇಲ್ಲಿ ಕಾನೂನಿನ ಒಂದು ಸಣ್ಣ ವಿಷಯ ತಿಳಿದುಕೊಳ್ಳಬೇಕು.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರಲ್ಲಿ ಎರಡು ಹೊಸ ಬಗೆ ಸೇರಿದವು. ಸರ್ಕಾರಿ ಜಾಗದಲ್ಲಿ, ಸ್ಥಳೀಯ ಜನರ ಜೊತೆ ಮಾತಾಡಿ ಘೋಷಿಸುವುದು ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ಜಾಗದಲ್ಲಿ, ಜನ ತಾವೇ ಮುಂದೆ ಬಂದಾಗ ಘೋಷಿಸುವುದು ಸಮುದಾಯ ಮೀಸಲು. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು. ಬೇಟೆ, ಬೆಂಕಿ, ಕಾಡು ನಾಶ ನಿಷಿದ್ಧ. ಆದರೆ ಜನರ ಹಳೆಯ ಹಕ್ಕುಗಳು ಮುಂದುವರಿಯುತ್ತವೆ.

2011ರಲ್ಲಿ ಕರ್ನಾಟಕ ಸರ್ಕಾರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. ವಿಸ್ತೀರ್ಣ 299.52 ಚದರ ಕಿಲೋಮೀಟರ್. ಕಾಡಿನ ಒಳಗೆ ಜನ ಇದ್ದಾರೆ, ಇರುತ್ತಾರೆ, ಅವರ ಜೊತೆಗೇ ಸಿಂಗಳೀಕ ಉಳಿಯಬೇಕು ಅನ್ನುವುದು ಇದರ ಹಿಂದಿನ ಯೋಚನೆ.

4. ಉಪ್ಪಾಗೆಯ ಕಥೆ

ಕೇಳೋಕೆ ಚೆನ್ನಾಗಿದೆ. ಆದರೆ ಮನುಷ್ಯನಿಗೂ ಸಿಂಗಳೀಕಕ್ಕೂ ಒಂದೇ ಹಣ್ಣು ಬೇಕಾದರೆ? ಆ ಹಣ್ಣೇ ಉಪ್ಪಾಗೆ.

ಕೊಡಗಿನಲ್ಲಿ ಕಾಚಂಪುಳಿ ಮಾಡುವುದು ಇದೇ ಹಣ್ಣಿನಿಂದ. ಕೇರಳದ ಮೀನು ಸಾರಿನ ಕುಡಂಪುಳಿಯೂ ಇದೇ. ಉತ್ತರ ಕನ್ನಡದಲ್ಲಿ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಅಜ್ಜ ಹೇಳಿದ ಪ್ರಕಾರ ಅವರು ಸಣ್ಣವರಿದ್ದಾಗ ಮನೆಗೆ ಬೇಕಾದಷ್ಟು ಆರಿಸಿ ತರುತ್ತಿದ್ದರು, ಅಷ್ಟೇ. ಆಮೇಲೆ ಈ ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ತೂಕ ಇಳಿಸುತ್ತದೆ ಅಂತ ಹೊರದೇಶದಲ್ಲಿ ಮಾತ್ರೆಗಳು ಬಂದವು. 1990ರ ದಶಕದಿಂದ ಒಣ ಸಿಪ್ಪೆಗೆ ಒಳ್ಳೆ ಬೇಡಿಕೆ ಬಂತು, ಬೆಲೆ ಏರಿತು. ಎಲ್ಲೋ ದೂರದ ಊರಿನ ಯಾರದೋ ಡಯಟ್ಟು, ಇಲ್ಲಿ ಕಾಡಿನ ಕೊಂಬೆಗೆ ಕತ್ತಿ.

ಕೊಂಬೆಗೆ ಯಾಕೆ? ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಪೂರ್ತಿ ಹಣ್ಣಾದರೆ ಸಿಪ್ಪೆ ತೂಕ ಬರುತ್ತದೆ, ಬೀಜ ಬಲಿಯುತ್ತದೆ. ಆದರೆ ಕಾಡಿನ ಮರ ಯಾರೊಬ್ಬರದೂ ಅಲ್ಲ. "ನಾನು ಕಾದರೆ ಇನ್ನೊಬ್ಬ ಕೊಯ್ದುಕೊಂಡು ಹೋಗ್ತಾನೆ" ಅನ್ನೋ ಭಯ. ಹಾಗಾಗಿ ಕಾಯಿ ಇದ್ದಾಗಲೇ ಕೊಯ್ಯೋದು, ಬೇಗ ಆಗಲಿ ಅಂತ ಕೊಂಬೆಯನ್ನೇ ಕಡಿಯೋದು ಶುರುವಾಯಿತು. ಕಡಿದ ಕೊಂಬೆ ಮುಂದಿನ ವರ್ಷ ಹಣ್ಣು ಕೊಡುವುದಿಲ್ಲ. ಸಿಂಗಳೀಕಕ್ಕೆ ಮಳೆಗಾಲದ ಊಟ ಹೋಯಿತು, ಜೊತೆಗೆ ಮೇಲಿನ ದಾರಿಯೂ ಹೋಯಿತು. ಇನ್ನು ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಸಿಪ್ಪೆಯನ್ನು ಬೆಂಕಿ ಮೇಲೆ ಒಣಗಿಸಬೇಕು. ಅದಕ್ಕೆ ರಾಶಿ ಕಟ್ಟಿಗೆ, ಅದೂ ಅದೇ ಕಾಡಿನದು.

ಇದನ್ನು ದುರಾಸೆ ಅಂದುಬಿಡುವುದು ಸುಲಭ. ನಾವೂ ಮೊದಲು ಹಾಗೇ ಅಂದುಕೊಂಡೆವು. ಆಮೇಲೆ ಒಂದು ಸಣ್ಣ ಲೆಕ್ಕ ಮಾಡಿದೆವು. ಅಂಕೆಗಳು ನಮ್ಮ ಕಲ್ಪನೆ, ಅರ್ಥ ಆಗಲಿ ಅಂತ ಮಾತ್ರ.

ಒಂದು ಮರ, ಎರಡು ಮನೆ. ಹಣ್ಣಾಗುವವರೆಗೆ ಕಾದರೆ ಮರದಿಂದ 100 ರೂಪಾಯಿ. ಕಾಯಿಯಲ್ಲೇ ಕೊಯ್ದರೆ 60 ರೂಪಾಯಿ.

ಇಬ್ಬರೂ ಕಾದರೆ ತಲಾ 50.
ಒಬ್ಬ ಮೊದಲೇ ಕೊಯ್ದರೆ ಅವನಿಗೆ 60, ಕಾದವನಿಗೆ ಸೊನ್ನೆ.
ಇಬ್ಬರೂ ಮೊದಲೇ ಓಡಿದರೆ ತಲಾ 30.

ಈಗ ನೀವೇ ಒಂದು ಮನೆಯವರು ಅಂದುಕೊಳ್ಳಿ. ಪಕ್ಕದವನು ಕಾಯುತ್ತಾನೆ ಅಂದರೆ ನಿಮಗೆ ಮೊದಲೇ ಕೊಯ್ಯುವುದು ಲಾಭ, 50ಕ್ಕಿಂತ 60 ಹೆಚ್ಚು. ಅವನು ಓಡುತ್ತಾನೆ ಅಂದರೂ ನಿಮಗೆ ಓಡುವುದೇ ಲಾಭ, ಸೊನ್ನೆಗಿಂತ 30 ಮೇಲು. ಇಬ್ಬರೂ ಹೀಗೇ ಯೋಚಿಸಿ ಕೊನೆಗೆ ತಲಾ 30 ತೆಗೆದುಕೊಂಡು ಮನೆಗೆ ಬರುತ್ತಾರೆ. ಕಾದಿದ್ದರೆ ತಲಾ 50 ಸಿಗುತ್ತಿತ್ತು. ಇಲ್ಲಿ ಯಾರೂ ಕೆಟ್ಟವರಲ್ಲ. ಆಟದ ನಿಯಮ ಕೆಟ್ಟದ್ದು.

ಹಾಗಾದರೆ ನಿಯಮ ಬದಲಾಯಿಸೋಣ. ಊರಿನವರು ಕೂತು ಒಂದು ದಿನಾಂಕ ಗೊತ್ತು ಮಾಡುತ್ತಾರೆ, ಅದಕ್ಕೂ ಮೊದಲು ಕೊಯ್ದರೆ 20 ರೂಪಾಯಿ ದಂಡ. ಈಗ ಪಕ್ಕದವನು ಕಾಯುತ್ತಾನೆ ಅಂತ ನಂಬಿಕೆ ಇದ್ದರೆ ನಿಮಗೂ ಕಾಯುವುದೇ ಲಾಭ, ಯಾಕೆಂದರೆ ಓಡಿದರೆ ಸಿಗುವುದು 40, ಕಾದರೆ 50. ಆದರೆ ಅವನು ಓಡುತ್ತಾನೆ ಅನ್ನೋ ಅನುಮಾನ ಇದ್ದರೆ? ಆಗ ಓಡಿದರೆ 10, ಕಾದರೆ ಸೊನ್ನೆ. ಮತ್ತೆ ಎಲ್ಲರೂ ಓಡುತ್ತಾರೆ. ಅಂದರೆ ದಂಡ ಇದ್ದರೂ ನಂಬಿಕೆ ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ದಂಡವನ್ನು 30ಕ್ಕಿಂತ ಮೇಲೆ ಏರಿಸಿದರೆ ಯಾವ ಲೆಕ್ಕದಲ್ಲೂ ಕಾಯುವುದೇ ಲಾಭ, ಸರಿ. ಆದರೆ ಮಳೆಯಲ್ಲಿ, ಜಿಗಣೆ ಕಾಡಿನಲ್ಲಿ, ಯಾರು ಕೊಯ್ದರು ಅಂತ ನೋಡುವವರು ಯಾರು? ಒಬ್ಬ ಗಾರ್ಡ್ ಎಷ್ಟು ಮರ ಕಾಯಬಲ್ಲ? ದಿನಾ ಅಲ್ಲೇ ಓಡಾಡುವ ಊರಿನವರೇ ನೋಡಬೇಕು.

ಅಮೆರಿಕದ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ವಿಷಯಕ್ಕೇ. ಎಲ್ಲರಿಗೂ ಸೇರಿದ ಕಾಡು, ಕೆರೆ, ಮೀನು ಹಾಳಾಗಲೇಬೇಕು ಅಂತೇನಿಲ್ಲ. ಬಳಸುವವರೇ ಸೇರಿ ನಿಯಮ ಮಾಡಿ, ಅವರೇ ಕಾವಲು ನೋಡಿಕೊಂಡು, ತಪ್ಪಿಗೆ ತಕ್ಕಷ್ಟು ದಂಡ ಹಾಕಿಕೊಂಡ ಕಡೆ ಅದು ಬಹುಕಾಲ ಉಳಿದಿದೆ ಅಂತ ಅವರು ಬೇರೆ ಬೇರೆ ದೇಶಗಳ ಉದಾಹರಣೆ ಇಟ್ಟು ತೋರಿಸಿದರು.

ಅಘನಾಶಿನಿಯಲ್ಲೂ ನಡೆದದ್ದು ಹೆಚ್ಚೂ ಕಡಿಮೆ ಇದೇ ದಾರಿ. ವಿಜ್ಞಾನಿಗಳು, ಅರಣ್ಯ ಇಲಾಖೆ, ಸ್ಥಳೀಯ ಸಂಸ್ಥೆಗಳು ಗ್ರಾಮ ಅರಣ್ಯ ಸಮಿತಿಗಳ ಜೊತೆ ಕೂತು ಮಾತಾಡಿದರು. ಹಣ್ಣಾದ ಮೇಲೆ ಕೊಯ್ಯುವುದು, ಕೊಂಬೆ ಕಡಿಯದಿರುವುದು, ಕಾಡಿಗೂ ಪ್ರಾಣಿಗೂ ಒಂದಿಷ್ಟು ಬಿಡುವುದು, ಇವು ಆ ಮಾತುಕತೆಯ ತಿರುಳು. ಒಣಗಿಸೋಕೆ ಕಡಿಮೆ ಕಟ್ಟಿಗೆ ಬೇಡುವ ಡ್ರೈಯರ್‌ಗಳನ್ನೂ ಆ ಭಾಗದಲ್ಲಿ ಪರಿಚಯಿಸಿದರು. ಕಾದರೆ ಜನರಿಗೂ ಹೆಚ್ಚು ದುಡ್ಡು, ಸಿಂಗಳೀಕಕ್ಕೂ ಹಣ್ಣು. ಇಬ್ಬರ ಹಿತವೂ ಒಂದೇ ಕಡೆಗೆ ತಿರುಗಿದ್ದು ಇಲ್ಲೇ.

5. ನಮ್ಮ ಹೊರಗಿನ ಒಂದು ಉದಾಹರಣೆ

ತಮಿಳುನಾಡಿನ ವಾಲ್ಪಾರೈನಲ್ಲಿ ಕಾಡು ಟೀ ತೋಟಗಳ ನಡುವೆ ಚೂರು ಚೂರಾಗಿದೆ. ಪುದುತೋಟ್ಟಂ ಅನ್ನುವ ಸಣ್ಣ ಕಾಡಿನ ತುಂಡಿನಲ್ಲೇ ನೂರಕ್ಕೂ ಹೆಚ್ಚು ಸಿಂಗಳೀಕ ಇವೆ. ಕಾಡು ಸಾಲದೆ ಅವು ರಸ್ತೆಗೆ, ಮನೆಗಳ ಹೆಂಚಿನ ಮೇಲೆ ಬರುತ್ತವೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಅರಣ್ಯ ಇಲಾಖೆ ಜೊತೆ ಸೇರಿ ರಸ್ತೆ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದೆ. ಬಳಸಿದ್ದು ಏನು ಗೊತ್ತಾ? ಅಗ್ನಿಶಾಮಕದವರ ಹಳೆಯ ಕ್ಯಾನ್ವಾಸ್ ಪೈಪು. ಸ್ಥಳೀಯರನ್ನೇ ಕಾವಲುಗಾರರಾಗಿ ನೇಮಿಸಿ, ಪ್ರಾಣಿ ದಾಟುವಾಗ ವಾಹನ ನಿಧಾನ ಮಾಡಿಸುತ್ತಾರೆ. ಗ್ರಾಫ್‌ನಲ್ಲಿ ಕಡಿದು ಹೋದ ಎಡ್ಜನ್ನು ಮತ್ತೆ ಸೇರಿಸೋದು ಅಂದರೆ ಇದೇ. ಇದು ಪೂರ್ತಿ ಪರಿಹಾರ ಅಲ್ಲ, ಮರ ಬೆಳೆಯುವವರೆಗಿನ ಪ್ಯಾಚು. ಆದರೆ ಸಿವಿಲ್, ಮೆಕ್ಯಾನಿಕಲ್‌ನವರು ಒಂದು ಸೆಮಿಸ್ಟರಿನಲ್ಲಿ ಡಿಸೈನ್ ಮಾಡಿ ಟೆಸ್ಟ್ ಮಾಡಬಹುದಾದ ವಿಷಯ.

6. ಈಗಿನ ಎರಡು ತೊಡಕು

ಪಾಠ ಇಲ್ಲಿಗೆ ಸುಖವಾಗಿ ಮುಗಿಯುತ್ತದೆ ಅಂದುಕೊಂಡಿದ್ದೆವು. ಮುಗಿಯಲಿಲ್ಲ.

ಮೊದಲ ತೊಡಕು ಕಾನೂನಿನದು. 2019ರಲ್ಲಿ ಅಘನಾಶಿನಿ ಮೀಸಲು, ಹಳೆಯ ಶರಾವತಿ ಕಣಿವೆ ಅಭಯಾರಣ್ಯ ಮತ್ತು ಸುತ್ತಲಿನ ಕೆಲವು ಕಾಡುಗಳನ್ನು ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ ಮಾಡಲಾಯಿತು, 930.16 ಚದರ ಕಿಲೋಮೀಟರ್. ಕಾಡು ಒಂದಕ್ಕೊಂದು ಸೇರಿದ್ದು ಸಿಂಗಳೀಕಕ್ಕೆ ಒಳ್ಳೆಯದೇ. ಆದರೆ ಅಭಯಾರಣ್ಯದ ನಿಯಮ ಬೇರೆ. ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅಲ್ಲಿಂದ ತೆಗೆದ ಅರಣ್ಯ ಉತ್ಪನ್ನ ಸುತ್ತಲಿನ ಜನರ ಸ್ವಂತ ಬಳಕೆಗೆ ಆಗಬಹುದು, ವ್ಯಾಪಾರಕ್ಕೆ ಆಗುವಂತಿಲ್ಲ. ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಜನರಿಗೆ ಹಕ್ಕು ಕೊಡುತ್ತದೆ, ಅಭಯಾರಣ್ಯದ ಒಳಗೂ. ಹಾಗಾದರೆ ಉಪ್ಪಾಗೆ ಮಾರುವವರ ಗತಿ? ಕಾದರೆ ಲಾಭ ಅಂತ ಹೇಳಿಯೇ ಅಲ್ಲವೇ ನಾವು ಊರಿನವರನ್ನು ಒಪ್ಪಿಸಿದ್ದು? ಆ ಲಾಭವೇ ಇಲ್ಲ ಅಂದರೆ ಕಾವಲು ಕಾಯುವ ಕಾರಣ ಏನು ಉಳಿಯುತ್ತದೆ? ದೊಡ್ಡ ಬೋರ್ಡು ಹಾಕಿದ ಮಾತ್ರಕ್ಕೆ ರಕ್ಷಣೆ ಹೆಚ್ಚಾಗುವುದಿಲ್ಲ ಅಂತ ನಮಗೆ ಅನ್ನಿಸಿತು.

ಎರಡನೇ ತೊಡಕು ನಮ್ಮದೇ. ಕರ್ನಾಟಕ ವಿದ್ಯುತ್ ನಿಗಮ ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡಲು ಹೊರಟಿದೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ಎರಡೂ ಈಗಲೇ ಇವೆ. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ಮಾಡುವುದು. ಸೋಲಾರ್ ಹಗಲಲ್ಲಿ ಮಾತ್ರ ಸಿಗುವುದರಿಂದ ಇಂಥ ದೊಡ್ಡ ಬ್ಯಾಟರಿ ಬೇಕು ಅನ್ನುವ ವಾದ ಸುಳ್ಳಲ್ಲ. ನಾವೂ ಕ್ಲಾಸಿನಲ್ಲಿ ಅದನ್ನೇ ಕಲಿಯುತ್ತೇವೆ. ಆದರೆ ಎರಡು ಜಲಾಶಯದ ನಡುವೆ ಇರುವುದು ಸಿಂಗಳೀಕದ ಕಾಡು. ಸುರಂಗ ನೆಲದ ಒಳಗೆ ಹೋದರೂ ಅದಕ್ಕೆ ರಸ್ತೆ ಬೇಕು, ತೆಗೆದ ಕಲ್ಲು ಮಣ್ಣು ಸುರಿಯೋಕೆ ಜಾಗ ಬೇಕು, ತಂತಿ ಎಳೆಯೋಕೆ ದಾರಿ ಬೇಕು. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಒಮ್ಮೆ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಅದೇ ಸೀಮೆಯಲ್ಲಿದ್ದಾರೆ. ಅವರಿಗೆ ಈ ಭಯ ಹೊಸದಲ್ಲ.

ನಮ್ಮ ನಾಲ್ವರಲ್ಲೇ ಇದರ ಬಗ್ಗೆ ಜಗಳ ಆಯಿತು. ಒಬ್ಬ ಬೇಕು ಅಂದ, ಇಬ್ಬರು ಬೇಡ ಅಂದರು, ಸಿದ್ದಾಪುರದವನು ಸುಮ್ಮನಿದ್ದ. ಆಮೇಲೆ ಒಂದೇ ಮಾತು ಹೇಳಿದ: "ನಮ್ಮ ಊರಲ್ಲಿ ಕರೆಂಟು ಹೋದ್ರೆ ಎರಡು ದಿನ ಬರಲ್ಲ, ಆದ್ರೂ ಅಜ್ಜ ಬೇಡ ಅಂತಾರೆ." ನಮಗೆ ಉತ್ತರ ಹೊಳೆಯಲಿಲ್ಲ. ಒಂದು ವಿಷಯ ಮಾತ್ರ ಒಪ್ಪಿದೆವು. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಸಿಮೆಂಟು, ಟರ್ಬೈನು ಇದ್ದ ಹಾಗೆ, ಕಡಿದು ಹೋಗುವ ಮರದ ದಾರಿಯೂ ಮೊದಲನೇ ಪುಟದಲ್ಲೇ ಇರಬೇಕು. ಎಲ್ಲ ಮುಗಿದ ಮೇಲೆ ಗಿಡ ನೆಡುತ್ತೇವೆ ಅನ್ನುವುದು ಲೆಕ್ಕಕ್ಕೆ ಬರಬಾರದು, ಯಾಕೆಂದರೆ ಕಾನಿನ ಮರ ನಮ್ಮ ಡಿಗ್ರಿಯಷ್ಟು ಬೇಗ ಮುಗಿಯುವುದಿಲ್ಲ.

7. ನಾವು ಮಾಡಬಹುದಾದದ್ದು

ಘಾಟಿಯಲ್ಲಿ ಯಾವ ಕೋತಿಗೂ ತಿಂಡಿ ಎಸೆಯಬೇಡಿ. ಎಸೆಯುವವರನ್ನು ಕಂಡರೆ, ನಾವೂ ಎಸೆದಿದ್ದೆವು ಅಂತ ಹೇಳಿಯೇ ತಡೆಯಿರಿ.

ಕಾಡಿನ ರಸ್ತೆಯಲ್ಲಿ ಬೈಕು, ಕಾರು ನಿಧಾನ ಇರಲಿ.

ಸಿಂಗಳೀಕ ನಿಜವಾಗಿ ಕಂಡರೆ ದೂರದಿಂದ ನೋಡಿ. ಫೋಟೋ ಹಾಕುವ ಮೊದಲು ಬಾಲ ನೋಡಿ, ಕೇಸರ ನೋಡಿ, ಗೊತ್ತಿಲ್ಲದಿದ್ದರೆ ಸ್ಥಳೀಯರನ್ನು ಕೇಳಿ.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುವವರಿಗೆ ಮೂರು ಐಡಿಯಾ: ಕಡಿಮೆ ಕಟ್ಟಿಗೆಯ ಉಪ್ಪಾಗೆ ಡ್ರೈಯರ್, ಹಳೆ ವಸ್ತುಗಳಿಂದ ಮರಸೇತುವೆ, ಸ್ಯಾಟಲೈಟ್ ಚಿತ್ರದಿಂದ ಕಾಡಿನ ಆರ್ಟಿಕ್ಯುಲೇಶನ್ ಪಾಯಿಂಟ್ ಹುಡುಕುವ ಪ್ರೋಗ್ರಾಂ. ಮಾಡುವ ಮೊದಲು ಬಳಸುವವರನ್ನು ಹೋಗಿ ಕೇಳಿ.

ಯೋಚಿಸೋಕೆ ಮೂರು ಪ್ರಶ್ನೆ

1. ನಮ್ಮ ಉದಾಹರಣೆಯಲ್ಲಿ ಎರಡು ಮನೆಯ ಬದಲು ಇಪ್ಪತ್ತು ಮನೆ ಇದ್ದರೆ ಎಷ್ಟು ಜನ ಕಾದರೆ ಉಳಿದವರಿಗೂ ಕಾಯುವುದು ಲಾಭ ಆಗುತ್ತದೆ?

2. ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಸೇರಿದ, ಯಾರದೂ ಅಲ್ಲದ ವಸ್ತು ಯಾವುದು? ಅದಕ್ಕೆ ನಾವೇ ನಿಯಮ ಮಾಡಿಕೊಂಡಿದ್ದೇವಾ?

3. ನೀವೇ ಆ ಪಂಪ್ಡ್ ಸ್ಟೋರೇಜ್ ಯೋಜನೆಯ ಎಂಜಿನಿಯರ್ ಆದರೆ ಯಾರನ್ನು ಮೊದಲು ಭೇಟಿ ಆಗುತ್ತೀರಿ?

ಮುಂದಿನ ಮಳೆಗಾಲಕ್ಕೆ ಅಜ್ಜ ಮತ್ತೆ ಕರೆದಿದ್ದಾರೆ, ಉಪ್ಪಾಗೆ ಹಣ್ಣಾಗುವ ಹೊತ್ತಿಗೆ. ಸಿಂಗಳೀಕ ಕಾಣುತ್ತದೋ ಇಲ್ಲವೋ ಗೊತ್ತಿಲ್ಲ. ಚಿಪ್ಸ್ ಮಾತ್ರ ತೆಗೆದುಕೊಂಡು ಹೋಗುವುದಿಲ್ಲ.